ಮೂಳೆ ಕೂಡಿದ ಮೇಲೂ ಉಳಿಯುವ ಕೆಲಸ: ಹಿಮ್ಮಡಿಯ ಶಸ್ತ್ರಚಿಕಿತ್ಸೆಯ ನಂತರ

ಹಿಮ್ಮಡಿಯ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ನೋಡಲು ಬಂದವರೆಲ್ಲರೂ ಮೊದಲು ಕೇಳುವುದು ಯಾವಾಗ ನಡೆಯಬಹುದು ಎಂದು. ನಾನೂ ವೈದ್ಯರನ್ನು ಮೊದಲು ಕೇಳಿದ್ದು ಅದನ್ನೇ. ಏಣಿ ಜಾರಿ ಬಿದ್ದು ಬಲಗಾಲಿನ ಹಿಮ್ಮಡಿ ಮುರಿದು, ಪ್ಲೇಟು ಮತ್ತು ಸ್ಕ್ರೂಗಳನ್ನು ಹಾಕಿಸಿಕೊಂಡು, ಈಗ ಎರಡನೆಯ ವರ್ಷದಲ್ಲಿರುವ ನನಗೆ ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಮನವರಿಕೆಯಾಗಿದೆ. ಗಾಯದ ಚರ್ಮ ಕೂಡಿಕೊಳ್ಳಲು ಬೇಕಾಗುವ ಕಾಲ ಬೇರೆ, ಮೂಳೆ ಗಟ್ಟಿಯಾಗಲು ಬೇಕಾಗುವ ಕಾಲ ಬೇರೆ. ಬಿಗಿದುಕೊಂಡ ಕೀಲು ಸಡಿಲವಾಗುವುದಕ್ಕೆ ಇನ್ನಷ್ಟು ಕಾಲ ಬೇಕು, ನಡಿಗೆ ಮೊದಲಿನ ಲಯಕ್ಕೆ ಬರುವುದಕ್ಕಂತೂ ಎಲ್ಲಕ್ಕಿಂತ ಹೆಚ್ಚು. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಕೂಡಲೇ ಎಲ್ಲವೂ ಮುಗಿಯಿತೆಂದು ಮನೆಯವರೂ ಪರಿಚಿತರೂ ಭಾವಿಸುತ್ತಾರೆ, ಕೆಲವೊಮ್ಮೆ ರೋಗಿಯೂ ಹಾಗೆಯೇ ಭಾವಿಸಿ ವ್ಯಾಯಾಮ ಬಿಟ್ಟುಬಿಡುತ್ತಾನೆ. ನಿಜವಾಗಿ ಬಹುಪಾಲು ಕೆಲಸ ಶುರುವಾಗುವುದು ಆಗಲೇ. ಇದನ್ನು ಮೊದಲೇ ತಿಳಿದವರಿಗೆ ಮುಂದಿನ ತಿಂಗಳುಗಳು ಸ್ವಲ್ಪವಾದರೂ ಹಗುರವಾಗುತ್ತವೆ ಎಂಬ ನಂಬಿಕೆಯಿಂದ ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಆ ಮೂಳೆಯ ವಿಷಯ. ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳಿದ್ದು, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮ್ಮಡಿಯ ಮೂಳೆ. ವೈದ್ಯರು ಅದನ್ನು ಕ್ಯಾಲ್ಕೇನಿಯಸ್ ಎನ್ನುತ್ತಾರೆ. ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಸ್ಪಂಜಿನಂತಹ ಮೂಳೆ. ಇದರ ಮೇಲೆ ಟೇಲಸ್ ಎಂಬ ಮೂಳೆ ಕೂತಿರುತ್ತದೆ, ಟೇಲಸ್‌ನ ಮೇಲೆ ಮೊಣಕಾಲಿನ ಕೆಳಗಿನ ಮೂಳೆಗಳು. ಎತ್ತರದಿಂದ ಬಿದ್ದು ಹಿಮ್ಮಡಿ ನೆಲಕ್ಕೆ ತಾಗಿದಾಗ ದೇಹದ ಭಾರವೆಲ್ಲವೂ ಟೇಲಸ್‌ನ ಮೂಲಕ ಕೆಳಗಿಳಿದು, ಆ ಮೂಳೆ ಆಪಿನಂತೆ ಹಿಮ್ಮಡಿಯ ಮೂಳೆಯೊಳಕ್ಕೆ ನುಗ್ಗುತ್ತದೆ. ಆಗ ಹಿಮ್ಮಡಿಯ ಮೂಳೆ ಬರಿಯ ಗೆರೆಯಾಗಿ ಸೀಳುವುದಿಲ್ಲ. ಒಳಗಿನ ಸ್ಪಂಜು ಜಜ್ಜಿಹೋಗಿ, ಎತ್ತರ ಕುಗ್ಗಿ, ಅಗಲ ಹೆಚ್ಚಿ, ಮೇಲಿನ ಕೀಲಿನ ಮೇಲ್ಮೈ ತುಂಡುತುಂಡಾಗಿ ಕೆಳಗೆ ಕುಸಿಯುತ್ತದೆ. ಹಿಮ್ಮಡಿ ಮುರಿದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಮುರಿತ ಹೀಗೆ ಕೀಲಿನವರೆಗೂ ಹೋಗಿರುತ್ತದೆ. ಬಿದ್ದ ಭಾರ ಬೆನ್ನುಮೂಳೆಗೂ ತಲುಪುವುದರಿಂದ, ಹಿಮ್ಮಡಿ ಮುರಿದವರ ಸೊಂಟದ ಭಾಗವನ್ನೂ ವೈದ್ಯರು ಪರೀಕ್ಷಿಸುತ್ತಾರೆ. 100 ಮಂದಿಯಲ್ಲಿ ಸುಮಾರು 10 ಮಂದಿಗೆ ಅಲ್ಲಿಯೂ ಮುರಿತ ಇರುವುದುಂಟು. ಕಾಲಿನ ನೋವಿನ ಭರದಲ್ಲಿ ಬೆನ್ನಿನ ನೋವು ಗಮನಕ್ಕೆ ಬಾರದೆ ಹೋಗಬಹುದಾದ್ದರಿಂದ, ಸೊಂಟದಲ್ಲಿ ಸ್ವಲ್ಪ ನೋವಿದ್ದರೂ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ವೈದ್ಯರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆಯ ಮೇಲಂಚಿನ ಗುಂಟ ಎರಡು ಗೆರೆಗಳನ್ನು ಪೆನ್ಸಿಲ್ಲಿನಿಂದ ಎಳೆದು, ಅವು ಸೇರುವಲ್ಲಿನ ಕೋನವನ್ನು ತೋರಿಸಿದ್ದರು. ಅದಕ್ಕೆ ಬೋಲರ್ ಕೋನ ಎಂದು ಹೆಸರು. ವಿಯೆನ್ನಾದ ಶಸ್ತ್ರವೈದ್ಯ ಲೊರೆನ್ಸ್ ಬೋಲರ್ 1931ರಲ್ಲಿ ವಿವರಿಸಿದ ಅಳತೆ ಇದು. ಆರೋಗ್ಯವಂತ ಪಾದದಲ್ಲಿ ಈ ಕೋನ ಸಾಮಾನ್ಯವಾಗಿ 20ರಿಂದ 40 ಡಿಗ್ರಿಗಳಷ್ಟಿರುತ್ತದೆ, ಮೂಳೆ ಕುಸಿದಾಗ ಅದು ಕಡಿಮೆಯಾಗುತ್ತದೆ. ನನ್ನ ಎಕ್ಸ್‌ರೇಯಲ್ಲಿ ಆ ಎರಡು ಗೆರೆಗಳು ಹೆಚ್ಚುಕಡಿಮೆ ಒಂದೇ ಗೆರೆಯಾಗಿ ಮಲಗಿದ್ದವು. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕೀಲಿನ ಮೇಲ್ಮೈ ಎಷ್ಟು ತುಂಡುಗಳಾಗಿದೆ ಎಂಬುದನ್ನು ಸ್ಕ್ಯಾನಿನಲ್ಲಿ ನೋಡಿ ಮುರಿತವನ್ನು ನಾಲ್ಕು ಬಗೆಗಳಲ್ಲಿ ಗುರುತಿಸುವ ಕ್ರಮ 1993ರಿಂದ ಬಳಕೆಯಲ್ಲಿದೆ. ತುಂಡುಗಳು ಹೆಚ್ಚಿದಷ್ಟೂ ಮುಂದೆ ಆ ಕೀಲು ಸವೆಯುವ ಸಾಧ್ಯತೆ ಹೆಚ್ಚು. ರೋಗಿಗಳು ತಮ್ಮ ಮುರಿತ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ, ಏಕೆಂದರೆ ಒಂದೇ ಹೆಸರಿನ ಮುರಿತವಿದ್ದರೂ ಇಬ್ಬರ ಚೇತರಿಕೆ ಒಂದೇ ರೀತಿ ಇರುವುದಿಲ್ಲ, ಇನ್ನೊಬ್ಬರ ಪ್ರಗತಿಯೊಡನೆ ತಮ್ಮದನ್ನು ಹೋಲಿಸಿ ಕುಗ್ಗುವ ಅಗತ್ಯವೂ ಇರುವುದಿಲ್ಲ.

ಮುರಿದ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂಬುದು ನಮ್ಮ ಮನೆಯವರಿಗೆ ಅರ್ಥವಾಗದ ಸಂಗತಿಯಾಗಿತ್ತು. ಹಿಮ್ಮಡಿಯ ಸುತ್ತಲಿನ ಚರ್ಮ ತೆಳುವಾದದ್ದು, ಅದರಡಿ ಮಾಂಸವೂ ಕಡಿಮೆ. ಪೆಟ್ಟು ಬಿದ್ದ ಮೇಲೆ ಅದು ಊದಿ, ಬಿಗಿದು, ಕೆಲವರಿಗೆ ಬೊಬ್ಬೆಗಳೇಳುತ್ತವೆ. ಆ ಸ್ಥಿತಿಯಲ್ಲಿ ಕೊಯ್ದರೆ ಹೊಲಿಗೆ ಕೂಡದೆ ಗಾಯ ತೆರೆದುಕೊಳ್ಳುವ ಅಪಾಯವಿರುತ್ತದೆ. ಆದ್ದರಿಂದ ಬಾವು ಇಳಿಯುವವರೆಗೆ, ಬಹಳಷ್ಟು ಜನರಿಗೆ ಒಂದರಿಂದ ಎರಡು ವಾರ, ಕಾಲನ್ನು ಎತ್ತರದಲ್ಲಿಟ್ಟು ಕಾಯಲು ಹೇಳುತ್ತಾರೆ. ಮೂರು ವಾರ ದಾಟಿದರೆ ತುಂಡುಗಳು ಇದ್ದಲ್ಲೇ ಅಂಟಿಕೊಳ್ಳತೊಡಗುವುದರಿಂದ ಅದಕ್ಕಿಂತ ಹೆಚ್ಚು ಕಾಯುವಂತೆಯೂ ಇಲ್ಲ. ವೈದ್ಯರು ದಿನವೂ ಬಂದು, ಪಾದವನ್ನು ಮೆಲ್ಲಗೆ ಮೇಲಕ್ಕೂ ಹೊರಕ್ಕೂ ಬಾಗಿಸಿ, ಹಿಮ್ಮಡಿಯ ಹೊರಬದಿಯ ಚರ್ಮವನ್ನು ಓರೆಯಾಗಿ ನೋಡುತ್ತಿದ್ದರು. ಅಲ್ಲಿ ಸಣ್ಣ ಸುಕ್ಕುಗಳು ಮೂಡಬೇಕು. ಮೊದಲೆಲ್ಲ ಆ ಚರ್ಮ ಎಣ್ಣೆ ಸವರಿದಂತೆ ಮಿನುಗುತ್ತ ನಯವಾಗಿತ್ತು. ಒಂದು ಬೆಳಿಗ್ಗೆ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಅಡ್ಡಡ್ಡಲಾಗಿ ಕಂಡವು. ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತಾದದ್ದು ಆ ಗೆರೆಗಳನ್ನು ನೋಡಿದ ಮೇಲೆಯೇ. ಇದಕ್ಕೆ ಅಪವಾದಗಳೂ ಇವೆ. ಮುರಿದ ತುಂಡು ಹಿಂಬದಿಯ ಚರ್ಮವನ್ನು ಒಳಗಿನಿಂದ ಒತ್ತುತ್ತಿದ್ದರೆ, ಮುರಿತದ ಜಾಗದಲ್ಲಿ ಗಾಯ ತೆರೆದುಕೊಂಡಿದ್ದರೆ, ಅಥವಾ ಪಾದದೊಳಗಿನ ಒತ್ತಡ ವಿಪರೀತವಾಗಿ ಏರಿದ್ದರೆ ಕಾಯುವಂತಿಲ್ಲ, ತುರ್ತಾಗಿ ಶಸ್ತ್ರಚಿಕಿತ್ಸೆ ನಡೆಯಬೇಕು.

ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ವಿಚಾರದಲ್ಲಿ ವೈದ್ಯಲೋಕದಲ್ಲಿಯೇ ಒಮ್ಮತವಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 151 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆ ಆದವರಿಗೂ ಆಗದವರಿಗೂ 2 ವರ್ಷಗಳ ನಂತರ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸೋಂಕು ಮೊದಲಾದ ತೊಂದರೆಗಳು ಶಸ್ತ್ರಚಿಕಿತ್ಸೆ ಆದವರಲ್ಲಿಯೇ ಹೆಚ್ಚಾಗಿದ್ದವು. ಆದರೆ ಹಿಮ್ಮಡಿಯ ಆಕಾರ ತೀರಾ ಕೆಟ್ಟಿದ್ದವರನ್ನು ಆ ಅಧ್ಯಯನದಲ್ಲಿ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಓದಬೇಕು. ಅಗಲವಾಗಿ ಚಪ್ಪಟೆಯಾದ ಹಿಮ್ಮಡಿ ಪಕ್ಕದ ಸ್ನಾಯುರಜ್ಜುಗಳನ್ನು ಒತ್ತುತ್ತದೆ, ಪಾದರಕ್ಷೆಯೊಳಗೆ ಹಿಡಿಸುವುದಿಲ್ಲ, ಓರೆಯಾಗಿ ಕೂಡಿದರೆ ನಡಿಗೆಯೇ ಓರೆಯಾಗುತ್ತದೆ. ನನಗೆ ಶಸ್ತ್ರಚಿಕಿತ್ಸೆ ಸೂಚಿಸಿದ್ದು ಈ ಕಾರಣಗಳಿಗಾಗಿ. ಇನ್ನೊಬ್ಬರಿಗೆ ಬೇಡವೆಂದರೆ ಅವರ ಚಿಕಿತ್ಸೆಯಲ್ಲಿ ಕೊರತೆಯಾಯಿತೆಂದು ತಿಳಿಯಬಾರದು. ಧೂಮಪಾನ ಮಾಡುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಗಾಯ ಕೂಡದಿರುವ ಅಪಾಯ ಹೆಚ್ಚಾದ್ದರಿಂದ ವೈದ್ಯರು ಅಂಥವರ ವಿಷಯದಲ್ಲಿ ಹೆಚ್ಚು ಯೋಚಿಸಿ ನಿರ್ಧರಿಸುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿ ಹಿಮ್ಮಡಿಯ ಹೊರಬದಿಯನ್ನು ಕೊಯ್ದು, ಕುಸಿದ ಕೀಲಿನ ತುಂಡುಗಳನ್ನು ಮೇಲೆತ್ತಿ, ಮೂಳೆಯ ಎತ್ತರವನ್ನೂ ಅಗಲವನ್ನೂ ಆದಷ್ಟು ಮೊದಲಿನಂತೆ ಮಾಡಿ, ಪ್ಲೇಟು ಮತ್ತು ಸ್ಕ್ರೂಗಳಿಂದ ಹಿಡಿದಿಡುತ್ತಾರೆ. ಕೀಲು ಚೆನ್ನಾಗಿ ಕಾಣಲೆಂದು ದೊಡ್ಡದಾಗಿ ಕೊಯ್ಯುವ ಕ್ರಮವೊಂದಿದೆ, ಗಾಯದ ತೊಂದರೆ ಕಡಿಮೆಯಾಗಲೆಂದು ಪಾದದ ಪಕ್ಕದಲ್ಲಿ ಚಿಕ್ಕದಾಗಿ ಕೊಯ್ಯುವ ಕ್ರಮವೊಂದಿದೆ. ಮುರಿತಕ್ಕೆ ತಕ್ಕಂತೆ ವೈದ್ಯರು ಆಯ್ದುಕೊಳ್ಳುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ, ನಾನು ಅರಿವಳಿಕೆಯಲ್ಲಿದ್ದೆ.

ಮೊದಲ ಕೆಲವು ವಾರಗಳಲ್ಲಿ ಇಡೀ ಗಮನ ಚರ್ಮದ ಮೇಲಿರಬೇಕು. ಮೂಳೆ ಒಳಗೆ ತನ್ನ ಪಾಡಿಗೆ ತಾನು ಕೂಡಿಕೊಳ್ಳುತ್ತಿರುತ್ತದೆ, ಅದಕ್ಕೆ ನಾವು ಮಾಡಬೇಕಾದದ್ದು ಭಾರ ಹಾಕದೆ ಇರುವುದು ಮಾತ್ರ. ಗಾಯ ಮಾತ್ರ ದಿನವೂ ನಮ್ಮ ಸಹಕಾರವನ್ನು ಕೇಳುತ್ತದೆ. ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡಬೇಕು ಎಂದರೆ ನಿಜವಾಗಿಯೂ ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಕುರ್ಚಿಯಲ್ಲಿ ಕುಳಿತು ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟರೆ ಅದು ಎದೆಗಿಂತ ಕೆಳಗೇ ಇರುತ್ತದೆ. ಮಲಗಿಕೊಂಡು, ಮೊಣಕಾಲಿನ ಕೆಳಗಿನಿಂದ ಕಣಕಾಲಿನವರೆಗೂ ಆಸರೆ ಸಿಗುವಂತೆ ದಿಂಬುಗಳನ್ನು ಜೋಡಿಸಿ, ಹಿಮ್ಮಡಿ ಮಾತ್ರ ಯಾವುದಕ್ಕೂ ಒತ್ತದೆ ಗಾಳಿಯಲ್ಲಿರುವಂತೆ ನೋಡಿಕೊಳ್ಳಬೇಕು. ನನ್ನ ಅಕ್ಕ ಈ ದಿಂಬುಗಳ ಜೋಡಣೆಯನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳೆಂದರೆ, ರಾತ್ರಿ ನಾನು ಮಗ್ಗುಲಾದ ಸದ್ದು ಕೇಳಿದರೂ ಎದ್ದು ಬಂದು ಸರಿಪಡಿಸಿ ಹೋಗುತ್ತಿದ್ದಳು. ಆ ಆರೈಕೆಯ ಋಣ ದೊಡ್ಡದು.

ಕಾಲನ್ನು ಕೆಳಗಿಳಿಸಿದಾಗ ಆಗುವ ಅನುಭವವನ್ನು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಮಂಚದಿಂದ ಏಳಲು ಕಾಲು ಕೆಳಗೆ ಬಿಟ್ಟ ಕೆಲವೇ ಕ್ಷಣಗಳಲ್ಲಿ ರಕ್ತವೆಲ್ಲ ಪಾದಕ್ಕೆ ನುಗ್ಗಿದಂತಾಗಿ, ಪಾದದೊಳಗೆ ಜಾಗವೇ ಸಾಲದೆಂಬಂತಹ ಒತ್ತಡ ಉಂಟಾಗುತ್ತದೆ. ಬೆರಳುಗಳು ಮೊದಲು ಕೆಂಪಾಗಿ, ಆಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಕಾಲನ್ನು ಮತ್ತೆ ಮೇಲಿಟ್ಟಾಗ ಬಣ್ಣವೂ ಒತ್ತಡವೂ ನಿಧಾನವಾಗಿ ಇಳಿಯುತ್ತವೆ. ಬಹುಕಾಲ ಭಾರವನ್ನೂ ಚಲನೆಯನ್ನೂ ಕಾಣದ ಕಾಲಿನಲ್ಲಿ ರಕ್ತ ಹಿಂದಕ್ಕೆ ಹೋಗಲು ಸ್ನಾಯುಗಳ ನೆರವು ಸಿಗದಿರುವುದರಿಂದ ಹೀಗಾಗುತ್ತದೆ, ವಾರಗಳು ಕಳೆದಂತೆ ಕಡಿಮೆಯಾಗುತ್ತದೆ. ಹೆದರಬೇಕಾದ ಲಕ್ಷಣಗಳು ಬೇರೆ ಇವೆ: ಕಾಲು ಮೇಲಿಟ್ಟರೂ ಇಳಿಯದ, ಔಷಧಿಗೂ ಬಗ್ಗದ ನೋವು, ಗಾಯದ ಅಂಚು ಕಪ್ಪಾಗುವುದು, ಗಾಯದಿಂದ ಕೀವು ಅಥವಾ ನೀರು ಒಸರುವುದು, ಜ್ವರ ಬರುವುದು, ಮೀನಖಂಡ ಊದಿ ಗಟ್ಟಿಯಾಗಿ ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಳ್ಳುವುದು. ಮೀನಖಂಡದ ಊತ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದಾದುದರ, ಎದೆನೋವು ಮತ್ತು ಉಸಿರಾಟದ ತೊಂದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದಾದುದರ ಸೂಚನೆಗಳಾದ್ದರಿಂದ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಅಥವಾ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದನ್ನು ವೈದ್ಯರು ಹೇಳಿದ ದಿನದವರೆಗೂ ತೆಗೆದುಕೊಳ್ಳಬೇಕು.

ಹೊಲಿಗೆಗಳನ್ನು ಸಾಮಾನ್ಯವಾಗಿ ಎರಡರಿಂದ ಮೂರು ವಾರಗಳಲ್ಲಿ ತೆಗೆಯುತ್ತಾರೆ. ದೇಹದ ಬೇರೆ ಭಾಗಗಳಿಗಿಂತ ಇಲ್ಲಿ ತಡವಾಗುವುದು ಸಹಜ. ಗಾಯದ ಒಂದು ಮೂಲೆ ತುಸು ತೇವವಾಗಿದ್ದರೆ ವೈದ್ಯರು ಇನ್ನಷ್ಟು ದಿನ ಬಿಡುತ್ತಾರೆ. ಅದಕ್ಕೆ ಬೇಸರಪಡುವ ಕಾರಣವಿಲ್ಲ.

ಭಾರ ಹಾಕಬಾರದೆಂಬ ಅವಧಿ ಪ್ಲೇಟು ಹಾಕಿಸಿಕೊಂಡವರಲ್ಲಿ ಹೆಚ್ಚಾಗಿ 6ರಿಂದ 12 ವಾರಗಳು. ಕೇಳುವಾಗ ಸುಲಭ, ಬದುಕುವಾಗ ಅದೊಂದು ಬೇರೆಯೇ ಜೀವನಕ್ರಮ. ವಾಕರ್ ಹಿಡಿದು ಒಂದೇ ಕಾಲಿನಲ್ಲಿ ಕುಪ್ಪಳಿಸುವವರಿಗೆ ಎರಡೂ ಕೈಗಳು ಬಿಡುವಿರುವುದಿಲ್ಲವಾದ್ದರಿಂದ, ಒಂದು ಲೋಟ ನೀರನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಲಾಗುವುದಿಲ್ಲ. ಹೆಗಲಿಗೆ ಅಡ್ಡಲಾಗಿ ಹಾಕಿಕೊಳ್ಳುವ ಚೀಲ, ಮುಚ್ಚಳವಿರುವ ಬಾಟಲಿ, ಸ್ನಾನಕ್ಕೆ ಜಾರದ ಕಾಲುಗಳಿರುವ ಪ್ಲಾಸ್ಟಿಕ್ ಸ್ಟೂಲು, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ ಇವು ನಾಲ್ಕೂ ನನಗೆ ಔಷಧಿಗಳಷ್ಟೇ ಅಗತ್ಯವಾದವು. ಮೆಟ್ಟಿಲುಗಳನ್ನು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು ಎಂಬುದನ್ನು ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಕಲಿಸುವವರೆಗೆ ಯಾರೂ ತಾವಾಗಿ ಪ್ರಯತ್ನಿಸಬಾರದು. ಭರವಸೆ ಇಲ್ಲದಿದ್ದರೆ ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಸರಿಯುವುದು ಸುರಕ್ಷಿತ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಅವಧಿಯಲ್ಲಿ ಎಡಗಾಲಿನ ಮೊಣಕಾಲು, ಎರಡೂ ಮಣಿಕಟ್ಟುಗಳು, ಹೆಗಲುಗಳು ಅಭ್ಯಾಸವಿಲ್ಲದ ದುಡಿಮೆಯಿಂದ ನೋಯುತ್ತವೆ. ಮುರಿದ ಕಾಲಿನ ಬಗ್ಗೆಯೇ ಎಲ್ಲರೂ ವಿಚಾರಿಸುವಾಗ ಈ ನೋವುಗಳನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು, ಏಕೆಂದರೆ ವಾಕರಿನ ಎತ್ತರವನ್ನು ಸ್ವಲ್ಪ ಬದಲಾಯಿಸಿದರೆ ಸಾಕು, ಮಣಿಕಟ್ಟಿನ ನೋವು ಅರ್ಧಕ್ಕರ್ಧ ಇಳಿಯುವುದುಂಟು.

ಮನಸ್ಸಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಓಡಾಡಿಕೊಂಡಿದ್ದ ಮನುಷ್ಯ ಮಂಚಕ್ಕೆ ಅಂಟಿದಾಗ ಸಂಜೆಯ ಹೊತ್ತು ಬಹಳ ಭಾರವಾಗುತ್ತದೆ. ಕಣ್ಣು ಮುಚ್ಚಿದರೆ ಬಿದ್ದ ಕ್ಷಣ ಮತ್ತೆ ಮತ್ತೆ ಕಾಣಿಸುತ್ತದೆ, ನಿದ್ದೆ ಹತ್ತುವ ಹೊತ್ತಿಗೆ ಕಾಲು ಝಾಡಿಸಿ ಎಚ್ಚರವಾಗುತ್ತದೆ. ನನಗೆ ಇದು ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಯಿತು. ಕಡಿಮೆಯಾಗದವರು ಅದನ್ನೂ ವೈದ್ಯರಿಗೆ ಹೇಳಬೇಕು. ಮೂಳೆಯ ಕಾಯಿಲೆಗೆ ಬಂದವರು ಮನಸ್ಸಿನ ವಿಷಯ ಎತ್ತಬಾರದೆಂಬ ನಿಯಮವೇನೂ ಇಲ್ಲ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಕಣಕಾಲಿನಲ್ಲಿ ನಮಗೆ ಒಂದೇ ಕೀಲು ಇರುವಂತೆ ತೋರುತ್ತದೆ, ಆದರೆ ಅಲ್ಲಿರುವುದು ಒಂದರ ಕೆಳಗೊಂದಾಗಿ ಎರಡು ಕೀಲುಗಳು. ಮೇಲಿನದು ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಅದರ ಕೆಳಗೆ, ಟೇಲಸ್ ಮತ್ತು ಹಿಮ್ಮಡಿಯ ಮೂಳೆಯ ನಡುವೆ ಇರುವ ಸಬ್‌ಟೇಲಾರ್ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಏರುತಗ್ಗಿನ ನೆಲದ ಮೇಲೆ, ಮರಳಿನಲ್ಲಿ, ಇಳಿಜಾರಿನಲ್ಲಿ ನಾವು ಬೀಳದೆ ನಡೆಯುವುದಕ್ಕೆ ಈ ಎರಡನೆಯ ಕೀಲೇ ಕಾರಣ. ಹಿಮ್ಮಡಿ ಮುರಿದಾಗ ಪೆಟ್ಟು ಬೀಳುವುದು ಇದಕ್ಕೇ, ಬಿಗಿದುಕೊಳ್ಳುವುದೂ ಇದೇ, ಮುಂದೆ ಸವೆದು ನೋವು ಕೊಡಬಹುದಾದದ್ದೂ ಇದೇ. ಭಾರ ಹಾಕಬಾರದೆಂದರೆ ಅಲುಗಾಡಿಸಬಾರದೆಂದು ಅರ್ಥವಲ್ಲ. ಗಾಯ ಒಣಗಿ ವೈದ್ಯರು ಅನುಮತಿ ಕೊಟ್ಟ ದಿನದಿಂದಲೇ, ನೆಲಕ್ಕೆ ಕಾಲೂರುವುದಕ್ಕೆ ಎಷ್ಟೋ ವಾರಗಳ ಮುಂಚೆಯೇ, ಈ ಕೀಲಿನ ಚಲನೆಯನ್ನು ಆರಂಭಿಸಬೇಕು. ಆ ವಾರಗಳಲ್ಲಿ ಕಳೆದುಕೊಂಡ ಚಲನೆಯನ್ನು ಆಮೇಲೆ ಮರಳಿ ಪಡೆಯುವುದು ಬಹಳ ಕಷ್ಟ.

ನನಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ನಾನು ಮನಸಾರೆ ಹಚ್ಚಿಕೊಂಡದ್ದು ಗಾಳಿಯಲ್ಲಿ ಅಕ್ಷರ ತಿದ್ದುವುದನ್ನು. ಮೊಣಕಾಲನ್ನು ಅಲುಗಿಸದೆ, ಹೆಬ್ಬೆರಳೇ ಬಳಪವೆಂದುಕೊಂಡು, ಪಾದದಿಂದ ಒಂದೊಂದೇ ಅಕ್ಷರ ಬರೆಯಬೇಕು. ಅ, ಆ, ಇ, ಈ ಎಂದು ಆರಂಭಿಸಿ ಳಕಾರದವರೆಗೆ ಹೋಗುವಷ್ಟರಲ್ಲಿ ಪಾದ ಎಲ್ಲ ದಿಕ್ಕುಗಳಿಗೂ ತಿರುಗಿರುತ್ತದೆ, ಏಕೆಂದರೆ ನಮ್ಮ ಅಕ್ಷರಗಳು ದುಂಡಗಿದ್ದು ಒಂದರಲ್ಲಿಯೂ ಪಾದ ನೇರವಾಗಿ ನಿಲ್ಲಲು ಅವಕಾಶವಿಲ್ಲ. ಮೊದಮೊದಲು ‘ಅ’ದ ಒಳಸುತ್ತು ನನ್ನ ಪಾದದಿಂದ ಮೂಡುತ್ತಲೇ ಇರಲಿಲ್ಲ, ಪಾದ ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತೇ ಹೊರತು ಪಕ್ಕಕ್ಕೆ ವಾಲುತ್ತಿರಲಿಲ್ಲ. ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಒಳಕ್ಕೆ, ಹೊರಕ್ಕೆ ಮೆಲ್ಲಗೆ ವಾಲಿಸುವುದು, ಟವೆಲ್ಲನ್ನು ಅಂಗಾಲಿಗೆ ಸುತ್ತಿ ತನ್ನತ್ತ ಎಳೆದುಕೊಳ್ಳುವುದು, ಕಾಲ್ಬೆರಳುಗಳಿಂದ ಬಟ್ಟೆಯನ್ನು ಮುದುರುವುದು, ಗಾಯದ ಗುರುತು ಒಣಗಿದ ಮೇಲೆ ಅದರ ಸುತ್ತಲಿನ ಚರ್ಮವನ್ನು ಬೆರಳಿನಿಂದ ನೀವಿ ಸಡಿಲಗೊಳಿಸುವುದು ಇವೂ ದಿನಚರಿಯ ಭಾಗವಾದವು. ಎಷ್ಟು ನೋವಿನವರೆಗೆ ಮಾಡಬಹುದೆಂದು ಕೇಳಿದಾಗ ಅವರು, “ಸರ್, ಮಾಡುವಾಗ ಸ್ವಲ್ಪ ನೋಯಲಿ, ಪರವಾಗಿಲ್ಲ. ಆದರೆ ಆ ನೋವು ಮಾರನೆಯ ಬೆಳಿಗ್ಗೆಯವರೆಗೂ ಉಳಿದರೆ ಹೆಚ್ಚಾಯಿತೆಂದು ತಿಳಿದು ಅಂದು ಕಡಿಮೆ ಮಾಡಿ” ಎಂದರು. ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ಸೂತ್ರ ಇಡೀ ಚಿಕಿತ್ಸೆಯಲ್ಲಿ ನನಗೆ ಬೇರೊಂದು ಸಿಗಲಿಲ್ಲ.

ಭಾರ ಹಾಕಲು ಅನುಮತಿ ಸಿಕ್ಕ ದಿನ ಯಾರೂ ಎದ್ದು ನಡೆದುಬಿಡುವುದಿಲ್ಲ. ತೂಕದ ಯಂತ್ರದ ಮೇಲೆ ನೋವಿನ ಕಾಲನ್ನಿಟ್ಟು, ಹೇಳಿದಷ್ಟು ಕಿಲೋ ತೋರಿಸುವವರೆಗೆ ಮಾತ್ರ ಒತ್ತಿ, ಆ ಒತ್ತಡ ಎಷ್ಟೆಂಬುದನ್ನು ಕಾಲಿಗೆ ಪರಿಚಯ ಮಾಡಿಸಬೇಕು. ಆಮೇಲೆ ವಾಕರ್ ಹಿಡಿದು ಅಷ್ಟೇ ಭಾರವನ್ನು ಹೆಜ್ಜೆಯಲ್ಲಿ ಕೊಡಬೇಕು. ವಾರದಿಂದ ವಾರಕ್ಕೆ ಅದನ್ನು ಏರಿಸುತ್ತ, ವಾಕರಿನಿಂದ ಎರಡು ಊರುಗೋಲುಗಳಿಗೆ, ಎರಡರಿಂದ ಒಂದಕ್ಕೆ ಬರಬೇಕು. ಒಂದೇ ಊರುಗೋಲನ್ನು ಹಿಡಿಯುವಾಗ ಅದು ಗಟ್ಟಿ ಕಾಲಿನ ಬದಿಯ ಕೈಯಲ್ಲಿರಬೇಕೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಅಂಗಾಲು ಮೊದಲ ಸಲ ನೆಲವನ್ನು ಮುಟ್ಟಿದಾಗ ನನಗೆ ನೋವಿಗಿಂತ ಹೆಚ್ಚಾಗಿ ಅಪರಿಚಿತವೆನಿಸಿತು. ತಣ್ಣಗಿನ ನೆಲ ಹಿಮ್ಮಡಿಗೆ ಬಹಳ ಗಟ್ಟಿಯಾಗಿ ತಾಗಿತು. ಹಿಮ್ಮಡಿಯ ಅಡಿಯಲ್ಲಿ ನಡಿಗೆಯ ಪೆಟ್ಟನ್ನು ತಾಳಿಕೊಳ್ಳುವ ಕೊಬ್ಬಿನ ಮೆತ್ತೆಯೊಂದಿದೆ, ಮೂಳೆಯ ಜೊತೆಯಲ್ಲಿ ಅದೂ ಜಜ್ಜಿಹೋಗಿರುತ್ತದೆ. ಆದ್ದರಿಂದಲೇ ಬರಿಗಾಲಿನಲ್ಲಿ ನಡೆಯುವುದು ಬಹಳ ತಿಂಗಳುಗಳವರೆಗೆ ಕಷ್ಟ. ಮನೆಯೊಳಗೂ ಮೆತ್ತನೆಯ ಅಟ್ಟೆಯ, ಹಿಂಬದಿ ಒತ್ತದ ಪಾದರಕ್ಷೆಯನ್ನು ಹಾಕಿಕೊಳ್ಳುವುದು ಅಗತ್ಯ.

ನಡಿಗೆ ಶುರುವಾದ ಮೇಲೆ ಕುಂಟು ಉಳಿಯುವುದು ಬರಿಯ ನೋವಿನಿಂದಲ್ಲ. ಹಿಮ್ಮಡಿಯ ಹಿಂಬದಿಗೆ ಅಂಟಿಕೊಂಡಿರುವ ದಪ್ಪನೆಯ ಅಕಿಲಿಸ್ ಸ್ನಾಯುರಜ್ಜುವನ್ನು ಎಳೆಯುವುದು ಮೀನಖಂಡ. ಹೆಜ್ಜೆಯ ಕೊನೆಯಲ್ಲಿ ದೇಹವನ್ನು ಮುಂದಕ್ಕೆ ತಳ್ಳುವ ಶಕ್ತಿ ಅಲ್ಲಿಂದ ಬರುತ್ತದೆ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಆ ಸ್ನಾಯು ಕರಗಿಹೋಗಿರುತ್ತದೆ. ನನ್ನ ಎರಡು ಮೀನಖಂಡಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ಅವು ಒಬ್ಬನೇ ಮನುಷ್ಯನವು ಎಂದು ಹೇಳುವಂತಿರಲಿಲ್ಲ. ತಳ್ಳುವ ಶಕ್ತಿ ಇಲ್ಲದ ಕಾಲು ಹೆಜ್ಜೆಯನ್ನು ಚಿಕ್ಕದಾಗಿಸುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ, ಸೊಂಟ ಒಂದು ಬದಿಗೆ ವಾಲುತ್ತದೆ, ಆ ಅಭ್ಯಾಸ ಬಲಿತರೆ ನೋವು ಹೋದ ಮೇಲೂ ಕುಂಟು ಉಳಿಯುತ್ತದೆ. ಇದಕ್ಕೆ ಪರಿಹಾರ ಎರಡೂ ಕಾಲುಗಳ ಹಿಮ್ಮಡಿಗಳನ್ನು ಎತ್ತಿ ತುದಿಗಾಲಿನಲ್ಲಿ ನಿಲ್ಲುವುದು. ಅದು ಸುಲಭವಾದ ಮೇಲೆ ಎರಡೂ ಕಾಲಿನಿಂದ ಏರಿ, ನೋವಿನ ಕಾಲಿನಿಂದ ಮಾತ್ರ ನಿಧಾನವಾಗಿ ಇಳಿಯುವುದು. ಕೊನೆಗೆ ಆ ಒಂದೇ ಕಾಲಿನಿಂದ ಏರುವುದು. ಒಂಟಿ ಕಾಲಿನಲ್ಲಿ ಪೂರ್ತಿ ಏರಲು ನನಗೆ ವರ್ಷದ ಹತ್ತಿರ ಹಿಡಿಯಿತು. ವೇಗವಾಗಿ ನಡೆದು ಕುಂಟುವುದಕ್ಕಿಂತ ನಿಧಾನವಾಗಿ ಸರಿಯಾದ ಹೆಜ್ಜೆ ಇಡುವುದೇ ಮೇಲೆಂದು ನಾನು ಬಲವಾಗಿ ನಂಬುತ್ತೇನೆ. ಊರುಗೋಲನ್ನು ಬೇಗ ಬಿಟ್ಟದ್ದನ್ನೇ ಸಾಧನೆಯೆಂದು ಹೊಗಳುವವರ ಮಾತಿಗೆ ಕಿವಿಗೊಡಬಾರದು.

ಬೆಳಿಗ್ಗೆ ಎದ್ದಾಗಿನ ಮೊದಲ ಹೆಜ್ಜೆಗಳು ಬಹಳ ಕಾಲ ಬಿಗಿಯಾಗಿಯೇ ಇರುತ್ತವೆ. ಮಂಚದಿಂದ ಇಳಿಯುವ ಮುನ್ನ ಮಲಗಿದಲ್ಲೇ ಸ್ವಲ್ಪ ಹೊತ್ತು ಪಾದವನ್ನು ಆಡಿಸಿದರೆ ಅದು ಸಹ್ಯವಾಗುತ್ತದೆ. ಸಂಜೆಯ ಹೊತ್ತಿಗೆ ಪಾದ ಊದುವುದೂ ಒಂದು ವರ್ಷದವರೆಗೆ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಇರುತ್ತದೆ. ಹೊಸ ಪಾದರಕ್ಷೆ ಕೊಳ್ಳುವವರು ಸಂಜೆಯೇ ಹೋಗಿ ಅಳತೆ ನೋಡುವುದು ಒಳ್ಳೆಯದು. ಬಲಗಾಲು ಮುರಿದವರು ವಾಹನ ಓಡಿಸುವ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ಏಕೆಂದರೆ ಬ್ರೇಕನ್ನು ತುರ್ತಾಗಿ ಒತ್ತುವ ವೇಗ ಮೊದಲಿನಂತಾಗಲು ಪೂರ್ತಿ ಭಾರ ಹಾಕತೊಡಗಿದ ಮೇಲೂ ಹಲವು ವಾರಗಳು ಬೇಕಾಗುತ್ತವೆ.

ಇಷ್ಟೆಲ್ಲ ಮಾಡಿದರೂ ಕೆಲವು ತೊಂದರೆಗಳು ಉಳಿಯಬಹುದು. ಕೊಯ್ದ ಗಾಯದ ಹತ್ತಿರದಲ್ಲಿಯೇ ಪಾದದ ಹೊರ ಅಂಚಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುವುದರಿಂದ ಅಲ್ಲಿ ಜೋಮು ಉಳಿಯುವುದುಂಟು. ನನಗೂ ಕಿರುಬೆರಳಿನ ಪಕ್ಕದ ಅಂಚಿನಲ್ಲಿ ಇಂದಿಗೂ ಸ್ಪರ್ಶ ಮಂದವಾಗಿದೆ. ಪ್ಲೇಟಿನ ಸಮೀಪ ಸರಿದಾಡುವ ಸ್ನಾಯುರಜ್ಜುಗಳು ಕೆರಳಿ ಹೊರಬದಿಯಲ್ಲಿ ನೋಯಬಹುದು. ಪಾದ ವಿನಾಕಾರಣ ಉರಿಯತೊಡಗಿ, ಬಟ್ಟೆ ಸೋಕಿದರೂ ತಡೆಯಲಾಗದಂತಹ ನೋವು, ಬಣ್ಣ ಮತ್ತು ಬಿಸಿಯಲ್ಲಿ ಏರುಪೇರು ಕಂಡರೆ ಅದು ನರಗಳಿಗೆ ಸಂಬಂಧಿಸಿದ ಬೇರೆಯೇ ಸಮಸ್ಯೆಯಾಗಿರಬಹುದು. ಅದನ್ನು ಬೇಗ ಗುರುತಿಸಿದಷ್ಟೂ ಚಿಕಿತ್ಸೆ ಸುಲಭ. ವರ್ಷಗಳ ನಂತರ ಸಬ್‌ಟೇಲಾರ್ ಕೀಲು ಪೂರ್ತಿ ಸವೆದು, ಪಾದರಕ್ಷೆಯ ಬದಲಾವಣೆ, ಔಷಧಿ, ಚುಚ್ಚುಮದ್ದು ಯಾವುದರಿಂದಲೂ ನೋವು ಇಳಿಯದಿದ್ದರೆ ಆ ಕೀಲನ್ನು ಶಾಶ್ವತವಾಗಿ ಕೂಡಿಸಿಬಿಡುವ ಶಸ್ತ್ರಚಿಕಿತ್ಸೆಯೊಂದಿದೆ. ಆಗ ಪಾದದ ವಾಲುವಿಕೆ ಹೋಗುತ್ತದೆ, ಮೇಲೆ ಕೆಳಗೆ ಆಡುವ ಮೇಲಿನ ಕೀಲು ಮಾತ್ರ ಉಳಿಯುತ್ತದೆ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯ ಎತ್ತರ ಮತ್ತು ಆಕಾರ ಸರಿಯಾಗಿ ನಿಂತಿದ್ದರೆ ಈ ಎರಡನೆಯದು ಹೆಚ್ಚು ಸಲೀಸಾಗುತ್ತದೆ ಎಂದು ನನ್ನ ವೈದ್ಯರು ವಿವರಿಸಿದರು.

ನನ್ನ ಮಟ್ಟಿಗೆ, ಸಮತಟ್ಟಾದ ದಾರಿಯಲ್ಲಿ ಈಗ ಯಾರಿಗೂ ಗೊತ್ತಾಗದಂತೆ ನಡೆಯುತ್ತೇನೆ. ಅಡ್ಡ ಇಳಿಜಾರಿನಲ್ಲಿ ಮತ್ತು ಜಲ್ಲಿಯ ಮೇಲೆ ಈಗಲೂ ನೋಡಿ ಕಾಲಿಡಬೇಕು. ಅಕ್ಷರ ತಿದ್ದುವ ವ್ಯಾಯಾಮ ನಿಂತಿಲ್ಲ. ಪ್ಲೇಟನ್ನು ತೆಗೆಸುವುದೋ ಬಿಡುವುದೋ ಎಂಬ ಪ್ರಶ್ನೆ ಕಳೆದ ಭೇಟಿಯಲ್ಲಿ ಬಂದಿತ್ತು. ತೊಂದರೆ ಕೊಡದಿದ್ದರೆ ಅದನ್ನು ತೆಗೆಯುವ ಅಗತ್ಯವಿಲ್ಲ, ತೆಗೆಯಬೇಕೆಂದರೂ ಮೂಳೆ ಪೂರ್ತಿ ಗಟ್ಟಿಯಾದ ಮೇಲೆಯೇ ತೆಗೆಯಬೇಕು, ಆಗ ಅದೇ ತೆಳು ಚರ್ಮವನ್ನು ಮತ್ತೆ ಕೊಯ್ದು ಮತ್ತೆ ಗಾಯ ಕೂಡಲು ಕಾಯಬೇಕು. ಹಿಂಬದಿ ಗಟ್ಟಿಯಾದ ಬೂಟು ಹಾಕಿದಾಗ ಮಾತ್ರ ನನಗೆ ಒಂದು ಸ್ಕ್ರೂವಿನ ತಲೆ ಒತ್ತಿದಂತಾಗುತ್ತಿತ್ತು. ಮೆತ್ತನೆಯ ಬೂಟಿಗೆ ಬದಲಾಯಿಸಿದ ಮೇಲೆ ಅದೂ ನಿಂತಿರುವುದರಿಂದ, ಸದ್ಯಕ್ಕೆ ಪ್ಲೇಟು ಇದ್ದಲ್ಲಿಯೇ ಇರಲೆಂದು ವೈದ್ಯರೂ ನಾನೂ ನಿರ್ಧರಿಸಿದ್ದೇವೆ.